ಹೆಬ್ಬೆಟ್ಟು

ಮೈಂದರ್ಗಿಯ ಬಾವಿ ತೋಡಿದವರು
ಕರಿಗಲ್ಲಿನ ಹೊಟ್ಟೆಯಿಂದ ಕಿತ್ತು ಎಸೆದ ಗುಂಡು,
ಹೊರಗೆ ಸುಟ್ಟ ಆಲೂಗಡ್ಡೆ.
ಮಸ್ತಾನಬಿ ಅದನ್ನು ಗರಗಸಕ್ಕೆ ಕೊಡುತ್ತಾಳೆ,
ನೀರು ಬಿಡುತ್ತಾಳೆ. ಬಿಳಿ ರಾಡಿ
ಮೊಣಕೈತನಕ.

ಎರಡು ಹೋಳು. ಒಳಗೆ ಅಕೀಕು:
ಬೂದಿ, ಜೇನು, ಹಾಲು, ಮತ್ತೆ ಬೂದಿ,
ಸುತ್ತಿನೊಳಗೆ ಸುತ್ತು.
‘ಪುಣೆಯವರಿಗೆ ಜೋಡೀನ ಬೇಕಂತ,
ಗಾಜಿನ ಕಪಾಟಿನಾಗ ಇಡ್ತಾರಂತ.’
ಎಂಟು ದಿನ ತಿಕ್ಕಬೇಕು. ಮೊದಲು ಒರಟು ಪುಡಿ,
ಆಮೇಲೆ ನಯದ್ದು, ಕೊನೆಗೆ ಬರೀ ತೊಗಲು.
ಟ್ಯೂಬ್‌ಲೈಟು ಅದರಲ್ಲಿ ನೆಟ್ಟಗೆ ಕಂಡರೆ ಮುಗಿಯಿತು.

ಅಕ್ಕಲಕೋಟೆಯ ರೇಶನ್ ಅಂಗಡಿಯ ಯಂತ್ರ
ಅವಳ ಹೆಬ್ಬೆಟ್ಟನ್ನು ಮೂರು ಸಲ ನೋಡಿ
ಕೆಂಪು ದೀಪ ಹಚ್ಚಿತು.
‘ಗೆರೀನ ಇಲ್ಲಲ್ಲ ನಿನಗ’ ಅಂದ ಶಾಂತಮಲ್ಲಪ್ಪ.
‘ಇದ್ವು,’ ಅಂದಳು. ‘ಕಲ್ಲಿಗೆ ಹೋದ್ವು.’

ನಿನ್ನೆ ಬಿರುಕು ಬಿಟ್ಟ ಹೋಳೊಂದನ್ನು
ಸೆರಗಿನಲ್ಲಿ ಸುತ್ತಿ ಮನೆಗೆ ತಂದಳು.
ಎಣ್ಣೆ ಗಿಂಡಿಗೆ ಮುಚ್ಚಳ, ಸರಿಹೋಯಿತು.
ಸಂಜೆ ಬಿಸಿಲು ಅದನ್ನು ಹಾಯ್ದು
ಅರ್ಧ ಖಾಲಿ ಅಕ್ಕಿ ಡಬ್ಬಿಯ ಮೇಲೆ ಬಿದ್ದಾಗ
ಮೊಮ್ಮಗಳು ಬೆರಳಿಟ್ಟು ಸುತ್ತೆಣಿಸುತ್ತಾಳೆ,
ಹನ್ನೊಂದಕ್ಕೆ ತಪ್ಪಿ,
ಮತ್ತೆ ಒಂದರಿಂದ.