ಕಾಲು ಗಾಲಿ

ಮೂವತ್ತೊಂದು ದೇಶ. ಎಣಿಸಿದ್ದು ನಾನಲ್ಲ,
ಪಾಸ್‌ಪೋರ್ಟಿನ ಮುದ್ರೆ ನೋಡಿ ತಂಗಿಯ ಮಗ ಹೇಳಿದ ಲೆಕ್ಕ.
ಮಾವಿನ ತಿರುಳು ಮಾರುವ ಕಂಪನಿಯ ಕೆಲಸ:
ಡಬ್ಬಿಯ ಮುಚ್ಚಳ ಉಬ್ಬಿದೆಯೆಂದು ದೂರು ಬಂದಲ್ಲಿಗೆ ಹೋಗುವುದು,
ಉಬ್ಬಿಲ್ಲವೆಂದು ವಾದಿಸುವುದು,
ಸಂಜೆ ಕ್ಯಾಮೆರಾ ಹೆಗಲಿಗೇರಿಸಿ ಹಳಿ ಹುಡುಕುವುದು.

ಹೀಗೆ ಸಿಕ್ಕವು.
ಸ್ವಿಸ್ಸಿನ ಕಣಿವೆಗೆ ಅಡ್ಡ ನಿಂತ ಕಲ್ಲುಕಮಾನು,
ಅದು ಬಾಗಿದಲ್ಲಿ ತಾನೂ ಬಾಗಿದ ಕೆಂಪು ರೈಲು,
ಅರ್ಧ ಮೈ ಸುರಂಗದೊಳಗೆ, ಹಾವು ಹುತ್ತ ಹೊಕ್ಕಂತೆ.
ಫ್ಯೂಜಿಯ ಬುಡದಲ್ಲಿ ಒಂದು ಬಿಳಿ ಗೆರೆ;
ಗೆರೆಯಲ್ಲ, ಹದಿನಾರು ಬೋಗಿ, ರೆಪ್ಪೆ ಬಡಿದಿದ್ದರೆ ಇಲ್ಲ.
ಪೆರುವಿನಲ್ಲಿ ಗಾಳಿ ಸಾಲದ ಎತ್ತರಕ್ಕೆ
ಏದುತ್ತ ಬಂದ ಎಂಜಿನ್ನಿಗೆ ಏದುತ್ತಲೇ ಕಾದೆ.
ಐಫೆಲ್ ಗೋಪುರವೂ ಇದೆ, ಬೆಳಗಿನ ಐದಕ್ಕೆ, ಖಾಲಿ.

ಖಾಲಿ. ಅದೇ ನನ್ನ ಹೆಮ್ಮೆ.
ಜನ ಸರಿಯಲೆಂದು ಕಾಯುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ.
ಕೊಡೆ ಹಿಡಿದ ಮುದುಕಿ, ಐಸ್‌ಕ್ರೀಮಿನ ಮಗು,
ನಲವತ್ತು ನಿಮಿಷ ಮುತ್ತಿಡುತ್ತಲೇ ಇದ್ದ ಜೋಡಿ,
ಎಲ್ಲ ಹೋಗಲಿ, ಕಲ್ಲು ಕಬ್ಬಿಣ ಬೆಳಕು ಉಳಿಯಲಿ,
ಆಮೇಲೆ ಒತ್ತುವೆ.

ಶ್ರೀನಿವಾಸಪುರದ ಮನೆಯ ಗೋಡೆಗೆ
ನಾನು ತೆಗೆಯದ ಫೋಟೋ ಒಂದಿದೆ.
ಮುನಿರತ್ನಮ್ಮತ್ತೆ ಮದುವೆಯಾಗಿ ಹೊರಟ ದಿನ, ಸ್ಟೇಷನ್ನಿನಲ್ಲಿ.
ಎರಡೂವರೆ ಅಡಿ ಅಗಲದ ಹಳಿಯ ಆ ಪುಟ್ಟ ರೈಲು!
ರೇಷ್ಮೆಗೂಡಿನ ಬುಟ್ಟಿ ಹೊತ್ತು ಯಾರಾದರೂ ಓಡಿಬಂದರೆ
ಹಸಿರು ಬಾವುಟ ಕಂಕುಳಿಗೆ ಸಿಕ್ಕಿಸಿ ಕಾಯುತ್ತಿದ್ದ ಗಾರ್ಡು.
ಕೋಲಾರ ಮುಟ್ಟುವಷ್ಟರಲ್ಲಿ ಕಟ್ಟಿಕೊಂಡ ಚಿತ್ರಾನ್ನ ಮುಗಿದು,
ಜಗಳ ಮುಗಿದು, ಒಂದೆರಡು ಸಂಬಂಧವೂ ಕುದುರುತ್ತಿತ್ತು.
ಫೋಟೋದಲ್ಲಿ ಅದು ಎಲ್ಲಿ?
ಎಡಮೂಲೆಯಲ್ಲಿ, ದೊಡ್ಡಪ್ಪನ ಮೊಣಕೈ ಸಂದಿಯಲ್ಲಿ
ಕಾಲು ಗಾಲಿ.
ಮಿಕ್ಕಿದ್ದೆಲ್ಲ ಹದಿನೇಳು ಮುಖ,
ಬಿಸಿಲಿಗೆ ಕಿರಿದಾದ ಮೂವತ್ತನಾಲ್ಕು ಕಣ್ಣು.
ಅಲ್ಲ, ಮೂವತ್ತಮೂರು. ಬೈಯಣ್ಣ ತಾತನದು ಒಂದೇ.

ಆ ಹಳಿ ಕಿತ್ತು ಅಗಲದ್ದು ಹಾಕಿದ ಮೇಲೆ
ಸ್ಟುಡಿಯೋ ಪಿಳ್ಳಪ್ಪನನ್ನು ಕೇಳಿದ್ದೆ ಒಮ್ಮೆ:
ನಾಲ್ಕು ಹೆಜ್ಜೆ ಹಿಂದೆ ಹೋಗಿದ್ದರೆ ಎಂಜಿನ್ ಪೂರಾ ಬರುತ್ತಿತ್ತಲ್ಲ?
ಹಲ್ಲಿಲ್ಲದ ದವಡೆಯಲ್ಲಿ ಕಡಲೆಮಿಠಾಯಿ ನೆನೆಸುತ್ತ ಅಂದ,
"ರೀಲಲ್ಲಿ ಉಳಿದಿದ್ದೇ ಒಂದು.
ಹಿಂದಕ್ಕೋದ್ರೆ ನಿಮ್ಮತ್ತೆ ಮೊಖ ಹುರುಳಿಕಾಳಾಗ್ತಿತ್ತು.
ರೈಲು ನಾಳೇನೂ ಬರ್ತದಲ್ಲಪ್ಪ, ಅವಳು ಬರ್ತಾಳಾ?"

ಬಂದಳು. ಹಬ್ಬಕ್ಕೆ, ಹೆರಿಗೆಗೆ, ಪಾಲು ಕೇಳುವುದಕ್ಕೆ.
ಅತ್ತು ಮುಗಿಯದ, ನಗು ಇನ್ನೂ ಶುರುವಾಗದ
ಆ ಮುಖ ಮಾತ್ರ ಮತ್ತೆ ಬರಲಿಲ್ಲ.

ಇವತ್ತು ಬೆಳಗ್ಗೆ ಅದೇ ಸ್ಟೇಷನ್ನು.
ಎದುರು ಹೊಸ ರೈಲು, ಹಿಂದೆ ಗುಡ್ಡ, ಒಳ್ಳೆಯ ಬೆಳಕು,
ಮಧ್ಯದಲ್ಲಿ ಹಲಸಿನಹಣ್ಣು ಸೊಂಟಕ್ಕಿಟ್ಟ ಹೆಂಗಸು.
ಅಭ್ಯಾಸಬಲ, ಕಾದೆ. ಸರಿಯಲಿಲ್ಲ ಅವಳು.
"ಫೋಟೋನಾ? ಇರು" ಎಂದು ಹಣ್ಣು ಕೆಳಗಿಟ್ಟು,
ಸೆರಗು ಸರಿಮಾಡಿ, ಕೂದಲು ಸವರಿ,
ಬೊಟ್ಟು ನೆಟ್ಟಗಿದೆಯೇ ಎಂದು ನನ್ನನ್ನೇ ಕೇಳಿ,
ನಿಂತಳು. ಒತ್ತಿದೆ.
ಅಷ್ಟರಲ್ಲಿ ಅವಳ ಬೆನ್ನ ಹಿಂದೆ ರೈಲು ಹೊರಟೇ ಹೋಗಿತ್ತು.

"ನಿನ್ನಿಂದ ಚಿಂತಾಮಣಿ ತಪ್ಪೋಯ್ತು" ಎಂದು ಬೈದು,
ಬೈದು ಸಾಕಾಗಿ, ಬೆಂಚಿನ ಮೇಲೆ ಪಕ್ಕಕ್ಕೆ ಕೂತು
"ಇದ್ರಲ್ಲಿ ಇನ್ನೇನೈತೆ ತೋರ್ಸು" ಅಂದಳು.
ತೋರಿಸಿದೆ, ಒಂದೊಂದಾಗಿ: ಸೇತುವೆ, ಹಿಮ, ಕೆಂಪು ಬೋಗಿ,
ಮುಂಜಾವದ ಗೋಪುರ.
ಹಲಸಿನ ಅಂಟು ಹತ್ತಿದ ಬೆರಳು ಪರದೆಗೆ ತಾಗದಂತೆ
ಕೈ ಹಿಂದೆ ಕಟ್ಟಿಕೊಂಡೇ ನೋಡಿದಳು, ಬಹಳ ಹೊತ್ತು.
ಆಮೇಲೆ ನನ್ನ ಕಡೆ ತಿರುಗಿ,
"ಪಾಪ, ಇಷ್ಟು ಚೆಂದದ ರೈಲು.
ಯಾರೂ ಹತ್ತಲ್ವಾ?"