ಕಿವಿಯ ಕಲ್ಲು

ಮೀನಿನ ಹೆಜ್ಜೆ ಕಂಡವರುಂಟೇ ಎಂದು ಕೇಳುತ್ತೇವೆ ನಾವು.
ಫ್ಯಾರೋ ದ್ವೀಪದ ರನ್ವಾ ದಿನಕ್ಕೆ ಎಪ್ಪತ್ತು ಕಾಣುತ್ತಾಳೆ.

ಟೋರ್ಸ್‌ಹಾವ್ನ್ ಬಂದರಿನ ಹಿಂದೆ, ಎರಡನೆಯ ಮಹಡಿ,
ಬೆಳಿಗ್ಗೆ ಹತ್ತಾದರೂ ದೀಪ ಆರಿಸಲಾಗದ ಜನವರಿ.
ಕಾಡ್ ಮೀನಿನ ತಲೆಯನ್ನು ಕಣ್ಣಿನ ಹಿಂದೆ ಸರಿಯಾಗಿ ಸೀಳಿದರೆ
ಎಡಕ್ಕೊಂದು, ಬಲಕ್ಕೊಂದು,
ಅವರೆಕಾಳಿನಷ್ಟು ಬಿಳಿಯ ಕಲ್ಲು.
ಮೇಲು ಯಾವುದು, ಕೆಳಗು ಯಾವುದು ಎಂದು
ಕತ್ತಲ ನೀರಲ್ಲಿ ಮೀನಿಗೆ ಹೇಳುವುದು ಇದೇ,
ದೂರದ ದೋಣಿಯ ಗುಡುಗನ್ನು ಮುಟ್ಟಿಸುವುದೂ.
ಎರಡು ಹೆಬ್ಬೆರಳ ನಡುವೆ ಒತ್ತುತ್ತಾಳೆ. ಚಿಟಕ್.
ಮುರಿದ ಮುಖಕ್ಕೆ ಒಂದು ಹನಿ ಎಣ್ಣೆ.
ಆಮೇಲೆ ಬಳೆಯೊಳಗೆ ಬಳೆ, ಬಳೆಯೊಳಗೆ ಬಳೆ:
ಬೇಸಿಗೆಗೆ ಮಬ್ಬು, ಚಳಿಗಾಲಕ್ಕೆ ತಿಳಿ.

ಇಲ್ಲಿ ಹೊಟ್ಟೆ ತುಂಬಿತ್ತು.
ಇಲ್ಲಿ ಮೊದಲ ಮೊಟ್ಟೆಯ ಭರಾಟೆಯಲ್ಲಿ ಬೆಳೆಯಲು ಮರೆತಿತ್ತು.
ಇಲ್ಲಿ ಏನೋ ಆಗಿದೆ.
ಏನೆಂದು ಕಲ್ಲು ಹೇಳುವುದಿಲ್ಲ, ಆಗಿದೆ ಎಂದಷ್ಟೇ.

ಪಕ್ಕದ ಮೇಜಿನ ಯೂಸ್ತಿನುಸ್ ಅದೇ ಕಲ್ಲನ್ನು ಮತ್ತೆ ಎಣಿಸುತ್ತಾನೆ,
ಅವಳ ಲೆಕ್ಕ ನೋಡದೆ. ಅದು ನಿಯಮ.
ಅವಳಿಗೆ ಎಂಟು, ಅವನಿಗೆ ಒಂಬತ್ತು.
ಅಂಚಿನ ಆ ತೆಳು ಗೆರೆ ಚಳಿಗಾಲವೋ,
ಚಳಿಗಾಲದ ವೇಷ ಹಾಕಿದ ಬೇಸಿಗೆಯೋ?
ವರ್ಷಕ್ಕೆ ನಾಲ್ಕು ಸಲ ಬರುತ್ತಿದ್ದ ಈ ಜಗಳ
ಈಗ ವಾರಕ್ಕೆ ನಾಲ್ಕು ಸಲ.
ನೀರು ಬೆಚ್ಚಗಾದಂತೆ ಗೆರೆಗಳೂ ಮಾತು ನುಂಗುತ್ತವೆ.
ವರದಿಯಲ್ಲಿ ಅದಕ್ಕೊಂದು ಕಾಲಂ ಇದೆ: ‘ಒಮ್ಮತವಿಲ್ಲ’.
ಈ ವರ್ಷ ಅದನ್ನು ಅಗಲ ಮಾಡಿದ್ದಾರೆ.

ಅಣ್ಣ ಹಾನುಸ್ ದೋಣಿಯವನು.
ಭಾನುವಾರದ ಊಟಕ್ಕೆ ಬಂದರೆ ಕಾಫಿಗೂ ಮೊದಲೇ ಶುರು:
“ಕೂತಲ್ಲೇ ಕಡಲು ಅಳೆಯುವವರು ನೀವು.
ನಿಮ್ಮ ಲೆಕ್ಕದಲ್ಲಿ ಮೀನಿಲ್ಲ, ನನ್ನ ಗಾಳದಲ್ಲಿದೆ.
ಕಡಲಿಗೆ ಹೋಗಲು ನನಗೆ ದಿನ ಎಣಿಸಿ ಕೊಡುತ್ತೀರಲ್ಲ,
ಮಗುವಿಗೆ ಮಿಠಾಯಿ ಕೊಟ್ಟ ಹಾಗೆ!”
ದಿನ ಹಂಚುವುದು ತಾನಲ್ಲ ಎಂದು ಹೇಳಿ ಹೇಳಿ
ಅವಳ ನಾಲಿಗೆ ಸವೆದಿದೆ. ಆಲೂಗಡ್ಡೆ ಬಡಿಸುತ್ತಾಳೆ.

ನೆಲಮಾಳಿಗೆಯ ಡ್ರಾಯರುಗಳಲ್ಲಿ ಹಳೆಯ ಲಕೋಟೆಗಳು,
ಅರವತ್ತು ವರ್ಷಗಳ ಕಿವಿಗಳು.
ಬ್ರೆಮೆನ್‌ನ ಪ್ರಯೋಗಾಲಯದವರು ಕಲ್ಲಿನೊಳಗಿನ ಆಮ್ಲಜನಕದಿಂದ
ಅಂದಿನ ನೀರಿನ ಬಿಸಿ ಓದುತ್ತಾರೆ; ಹಳೆಯವು ಬೇಕಂತೆ.
ಹುಡುಕುತ್ತಾ ಸಿಕ್ಕಿತು: ಸಾವಿರದ ಒಂಬೈನೂರ ಎಪ್ಪತ್ತನಾಲ್ಕು, ಮಾರ್ಚ್,
ನೂರಿಪ್ಪತ್ತು ಮೀಟರ್ ಆಳ, ಯಾರದೋ ಓರೆ ಅಕ್ಷರ.
ಹದಿನೇಳು ಬಳೆ.
ಅಂಥ ಮುದಿ ಮೀನು ಅವಳ ಕೈಗೆ ಬಂದದ್ದೇ ಇಲ್ಲ.
ಯೂಸ್ತಿನುಸ್‌ಗೂ ಹದಿನೇಳೇ. ಜಗಳವಿಲ್ಲ.
ಅಷ್ಟು ನಿಚ್ಚಳ ಚಳಿಗಾಲಗಳು.
ಇಬ್ಬರೂ ಸ್ವಲ್ಪ ಹೊತ್ತು ಏನೂ ಮಾಡಲಿಲ್ಲ.

ಮಾಡಬಾರದಿತ್ತು. ಆದರೂ ಜೋಡಿಯಲ್ಲೊಂದನ್ನು
ಕೋಟಿನ ಜೇಬಿಗೆ ಹಾಕಿಕೊಂಡು ಧಕ್ಕೆಗೆ ಹೋದಳು.
ಹಾನುಸ್ ಗಾಳಕ್ಕೆ ಎರೆ ಚುಚ್ಚುತ್ತಿದ್ದ.
ಕಲ್ಲನ್ನೂ ಭೂತಗನ್ನಡಿಯನ್ನೂ ಕೊಟ್ಟಳು, ಎಣ್ಣೆ ಮರೆತಿದ್ದಳು.
ಅವನು ಉಗುಳು ಹಚ್ಚಿ ಉಜ್ಜಿದ.
ಬ್ರೆಮೆನ್‌ನವರು ನೋಡಿದ್ದರೆ ಮೂರ್ಛೆ ಹೋಗುತ್ತಿದ್ದರು.
ಒಂದು ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತ,
ಅಮ್ಮ ಸ್ವೆಟರಿನ ಹೊಲಿಗೆ ಎಣಿಸುತ್ತಿದ್ದ ಹಾಗೆ.
“ಹದಿನಾರು.”
ಅವಳು ಏನೂ ಹೇಳಲಿಲ್ಲ.
ಅವನು ಬೆಳಕಿಗೆ ತಿರುಗಿದ. ಮತ್ತೆ ಮೊದಲಿಂದ.
“ಹದಿನೇಳು. ನಡುವಿನದು ಬಿಟ್ಟುಹೋಗಿತ್ತು.
ಯಾವ ತಿಟ್ಟಿನದು ಇದು?”
ಲಕೋಟೆ ಓದಿದಳು.
“ಅಲ್ಲೀಗ ಬರೀ ಮ್ಯಾಕೆರೆಲ್,” ಎಂದ,
ಇನ್ನೊಂದು ಗಾಳ ಎತ್ತಿಕೊಂಡ.

ದಿನಗಳ ಮಾತು ಬರಲಿಲ್ಲ. ಮುಂದಿನ ಭಾನುವಾರ ಬರಬಹುದು.
ಸೋಮವಾರ ಕಲ್ಲನ್ನು ಒರೆಸಿ ಲಕೋಟೆಗೆ ಹಾಕಿ,
ಮೂರನೆಯ ಎಣಿಕೆಗೆ ಕಾಲಂ ಇಲ್ಲವಾದ್ದರಿಂದ
ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದಳು:
ಹಾನುಸ್, ಹದಿನಾರು. ತಿದ್ದಿ ಹದಿನೇಳು.
ಎರೆಯ ವಾಸನೆ ಇನ್ನೂ ಇತ್ತು.