ಬಟ್ಟಲಿನ ತಳ

ಒತಾರುವಿನ ಸಂದಿಯಂಗಡಿಗೆ ಏಳೇ ಸ್ಟೂಲು.
ಕೊನೆಯದಕ್ಕೆ ಒಂದು ಕಾಲು ಗಿಡ್ಡ,
ಅದೇ ಬೇಕು ಟ್ಯಾಕ್ಸಿಯ ಮಗೋಶಿಗೆ.

ಕೈಗವಸು ಕಳಚಿ, ಕನ್ನಡಕ ತೆಗೆದಿಟ್ಟು
ಮೊದಲು ಮುಖವನ್ನು ಹಬೆಗೆ ಕೊಡುತ್ತಾನೆ.
ಆಮೇಲೆ ಸೊರ್ರ್.
ಪಕ್ಕದವನೂ ಸೊರ್ರ್.
ಸದ್ದೇ ಇಲ್ಲಿ ಮರ್ಯಾದೆ.

ಉಪ್ಪು ಬಿಡು ಎಂದಿದ್ದರು ಡಾಕ್ಟರು.
ಹನ್ನೊಂದು ವರ್ಷ
ರಾಮೆನ್ ಎಳೆಯಷ್ಟೇ ಉಂಡು, ಸಾರು ಬಿಟ್ಟೆದ್ದವನು
ಇವತ್ತು ಕೇಳಿದ:
"ಕುನಿಹಾರು, ಇದರ ತಳದಲ್ಲಿ ಏನಿದೆಯಯ್ಯಾ?"

"ತೊಳೆಯೋನು ನಾನಲ್ಲವಲ್ಲ."

ಒಳಗೆ ನಲ್ಲಿ ನಿಂತಿತು.
"ಮೂಲಂಗಿ," ಎಂದಳು ಯಾಸುಯೊ,
"ಸೊಪ್ಪು ಅರ್ಧ ಅಳಿಸಿದೆ."
ಮತ್ತೆ ನಲ್ಲಿ.

ಹೊರಗೆ ಟ್ಯಾಕ್ಸಿಯ ನೆತ್ತಿಯ ಮೇಲೆ ಗೇಣು ಹಿಮ.
ಮಗೋಶಿ ಬಟ್ಟಲನ್ನು ಎರಡೂ ಕೈಯಲ್ಲೆತ್ತಿ
ಒಂದು ಗುಟುಕು, ಇನ್ನೊಂದು,
ಸೊಪ್ಪಿನ ತುದಿ ಕಾಣುವಷ್ಟು ಮಾತ್ರ.